ಸೀಸೆಯ ತಳದ ಗುಟುಕು

ಮೂವತ್ತು ವರ್ಷ ಸರ್ಕಾರಿ ಡಾಕ್ಟರಾಗಿದ್ದ ನಾನು ರೋಗಿಗಳ ನಾಲಿಗೆಗಿಂತ ಹೆಚ್ಚಾಗಿ ನೋಡಿದ್ದು ಅವರು ತಂದ ಸೀಸೆಗಳನ್ನು. ಈಗ ಓದು ಮುಗಿಸಿ ಹಳ್ಳಿ ಆಸ್ಪತ್ರೆಗೆ ಹೋಗುವವರಿಗೆ ಇದು ತಮಾಷೆಯಾಗಿ ಕಾಣಬಹುದು. ಅವರ ಔಷಧ ಕಾಗದದಲ್ಲಿ ಸುತ್ತಿಕೊಂಡು ಬರುತ್ತದೆ, ಇಲ್ಲವೇ ಸೂಜಿಯಲ್ಲಿ ಒಳಗೆ ಹೋಗುತ್ತದೆ. ನಮ್ಮ ಕಾಲದಲ್ಲಿ ಜ್ವರ, ಕೆಮ್ಮು, ಹೊಟ್ಟೆನೋವು, ನರದೌರ್ಬಲ್ಯ ಎಲ್ಲಕ್ಕೂ ಬಣ್ಣಬಣ್ಣದ ನೀರೇ ಗತಿ. ಅದನ್ನು ದೊಡ್ಡ ಜಾಡಿಗಳಲ್ಲಿ ಮೊದಲೇ ಕಲಸಿಟ್ಟಿರುತ್ತಿದ್ದೆವು. ತುಂಬಿಸಿಕೊಂಡು ಹೋಗಲು ರೋಗಿಯೇ ಮನೆಯಿಂದ ಸೀಸೆ ತರಬೇಕು.

ಎಂತೆಂಥ ಸೀಸೆಗಳು! ತಲೆಗೆ ಹಚ್ಚುವ ಎಣ್ಣೆಯದು, ಪನ್ನೀರಿನದು, ಸೀಮೆಎಣ್ಣೆಯದು. ಪಟೇಲರ ಮನೆಯಿಂದ ಬ್ರಾಂದಿ ಸೀಸೆ ಬರುತ್ತಿತ್ತು. ಪ್ರತಿ ಸಲವೂ ಬೇರೆ ಸೀಸೆ, ಆದ್ದರಿಂದ ಪಟೇಲರ ಆರೋಗ್ಯದ ವಿಷಯ ಕೇಳಬೇಕಾಗಿಯೇ ಇರಲಿಲ್ಲ. ಒಬ್ಬ ಗೋಲಿ ಸೋಡಾದ ಸೀಸೆ ತಂದಿದ್ದ. ತುಂಬಿಸಿಕೊಟ್ಟೆವು. ಮನೆಗೆ ಹೋಗಿ ಬಗ್ಗಿಸಿದರೆ ಗೋಲಿ ಅಡ್ಡ ಬಂದು ಔಷಧ ಹೊರಗೇ ಬರಲಿಲ್ಲ. ಮೂರು ದಿನ ಸೀಸೆಯನ್ನು ದೇವರ ಮುಂದೆ ಇಟ್ಟು ಕೈಮುಗಿದನಂತೆ, ವಾಸಿಯಾಯಿತಂತೆ.

ಸೀಸೆಯ ಪಕ್ಕಕ್ಕೆ ಉದ್ದನೆಯ ಕಾಗದದ ಪಟ್ಟಿಯನ್ನು ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದೆವು. ಒಂದು ಹಲ್ಲೆಂದರೆ ಒಂದು ಹೊತ್ತಿನ ಔಷಧ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕರಿಯಣ್ಣನೆಂಬ ರೈತನಿಗೆ ಚಳಿಜ್ವರಕ್ಕೆ ಎಂಟು ಹಲ್ಲಿನ ಕ್ವಿನೈನು ಕೊಟ್ಟು, ದಿನಕ್ಕೆ ಮೂರು ಸಲ ಎಂದು ಬೆರಳು ಎಣಿಸಿ ತೋರಿಸಿ ಕಳಿಸಿದೆ. ಮರುದಿನ ಬೆಳಿಗ್ಗೆ ಖಾಲಿ ಸೀಸೆ ಹಿಡಿದುಕೊಂಡು ಬಂದ.

"ಎಲ್ಲಪ್ಪ ಔಷಧ?"

"ಕುಡಿದ್ಬುಟ್ಟೆ ಬುದ್ದಿ. ಬುಟ್ಟು ಬುಟ್ಟು ಕುಡುದ್ರೆ ಜರಕ್ಕೆ ಮಧ್ಯ ಉಸಿರಾಡಾಕೆ ಪುರಸತ್ತು ಸಿಕ್ಕೋಯ್ತದೆ. ಅದ್ಕೇ ಒಂದೇ ಪೆಟ್ಟು ಹಾಕ್ದೆ. ಜರ ಹೋಯ್ತು. ಕಿವೀಲಿ ಮಾತ್ರ ಜೀರುಂಡೆ ಕೂಗ್ತಾವೆ."

ಕಾಲೇಜಿನಲ್ಲಿ ನನಗೆ ಔಷಧಶಾಸ್ತ್ರ ಕಲಿಸಿದವರು ಇಷ್ಟು ಚೊಕ್ಕವಾಗಿ ಯಾವುದನ್ನೂ ಹೇಳಿರಲಿಲ್ಲ. ಕರಿಯಣ್ಣನ ಜೀರುಂಡೆಗಳು ಎರಡು ದಿನದಲ್ಲಿ ಸುಮ್ಮನಾದವು. ಈ ಕಥೆ ಹೇಳಿಕೊಂಡು ನಾನು ಬಹಳ ದಿನ ನಕ್ಕೆ. ಅವನಿಗಿಂತ ದೊಡ್ಡ ಪೆದ್ದನೊಬ್ಬ ಅದೇ ಆಸ್ಪತ್ರೆಯಲ್ಲಿ ಡಾಕ್ಟರ ಕುರ್ಚಿಯಲ್ಲಿ ಕುಳಿತಿದ್ದಾನೆಂಬುದು ಗೊತ್ತಾಗಲು ಇನ್ನೂ ಮೂರು ವರ್ಷ ಬೇಕಾಯಿತು.

ಆಸ್ಪತ್ರೆ ಇದ್ದದ್ದು ಪಾವಗಡದಿಂದಾಚೆ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಬೇಡ. ಎರಡು ಕೋಣೆ, ಒಂದು ಜಗಲಿ, ಮುಂದೆ ಬೇವಿನ ಮರ. ಮಹಾಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಔಷಧ ಅರ್ಧಕ್ಕೆ ಅರ್ಧ ಬರುತ್ತಿತ್ತು, ಸೀಸೆಯಂತೂ ಬರುತ್ತಲೇ ಇರಲಿಲ್ಲ. ಮನೆಯಲ್ಲಿದ್ದ ಒಂದು ಸೀಸೆ ಒಡೆದುಹೋದರೆ ಜನ ತೆಂಗಿನ ಚಿಪ್ಪು ಹಿಡಿದುಕೊಂಡು ಬರುತ್ತಿದ್ದರು.

ಆಸ್ಪತ್ರೆ ನಡೆಸುತ್ತಿದ್ದವರು ಇಬ್ಬರು. ಅವರಲ್ಲಿ ನಾನು ಸೇರಿಲ್ಲ. ಮೊದಲನೆಯವರು ಕಾಂಪೌಂಡರ್ ಖಾದರ್ ಸಾಹೇಬರು. ಶಿರಾದವರು, ಐವತ್ತು ದಾಟಿದವರು, ಇಪ್ಪತ್ತೈದು ವರ್ಷ ಔಷಧ ಕಲಸಿದವರು. ರೋಗಿ ತಂದ ಸೀಸೆಯನ್ನು ಮೂಗಿಗೆ ಹಿಡಿದು ಅವನ ಮನೆಯ ಸಮಾಚಾರವೆಲ್ಲ ಹೇಳುತ್ತಿದ್ದರು. ಆಪರೇಷನ್ನಿದ್ದರೆ ರೋಗಿಯ ಮೂಗಿನ ಮೇಲೆ ಬಟ್ಟೆ ಹಾಕಿ ಕ್ಲೋರೋಫಾರ್ಮು ತೊಟ್ಟಿಕ್ಕಿಸುವುದೂ ಅವರ ಕೆಲಸವೇ. ಎರಡನೆಯವರು ಆಯಾ ಅಕ್ಕಮ್ಮ, ಆ ತೆಲುಗು ಗಡಿ ಕಡೆಯ ಹೆಂಗಸು. ಕನ್ನಡದಲ್ಲಿ ಶುರುಮಾಡಿದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ಅವಳ ಗಂಟಲಿಗೆ ಹೆದರಿ ಅರ್ಧ ರೋಗಗಳು ಜಗಲಿ ಹತ್ತುತ್ತಿರಲಿಲ್ಲ.

ಒಂದು ದಿನ ಕನ್ನಡಿ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ನನ್ನ ಎಡಗಣ್ಣಿನ ರೆಪ್ಪೆ ಪಟಪಟ ಅದುರಿತು. ಮಾರನೆಯ ದಿನವೂ ಅದುರಿತು. ಮೂರನೆಯ ದಿನ ಮೀನಖಂಡದಲ್ಲಿ, ಚರ್ಮದ ಕೆಳಗೆ ಒಂದು ಹುಳ ಹೊರಳಿದ ಹಾಗೆ. ವಾರದೊಳಗೆ ತೋಳು, ತೊಡೆ, ಹೆಬ್ಬೆರಳಿನ ಬುಡ ಎಲ್ಲ ಕಡೆ ಅದೇ. ಬೇರೆಯವನಾಗಿದ್ದರೆ "ಏನೋ ಅದುರುತ್ತಿದೆ" ಎಂದು ಸುಮ್ಮನಾಗುತ್ತಿದ್ದ. ನಾನು ಓದಿದವನು. ಪೆಟ್ಟಿಗೆಯ ತಳದಿಂದ ದಪ್ಪ ಪುಸ್ತಕ ತೆಗೆದೆ.

ಆ ಪುಸ್ತಕದಲ್ಲಿ ಒಂದು ಕಾಯಿಲೆಯ ವರ್ಣನೆಯಿತ್ತು. ಮೊದಲು ಮಾಂಸಖಂಡಗಳು ಅಲ್ಲಲ್ಲಿ ಅದುರುತ್ತವೆ, ಆಮೇಲೆ ಸೊರಗುತ್ತವೆ, ಕೈ ಹೋಗುತ್ತದೆ, ಕಾಲು ಹೋಗುತ್ತದೆ, ನುಂಗುವುದು ಹೋಗುತ್ತದೆ, ಬುದ್ಧಿ ಮಾತ್ರ ಕೊನೆಯವರೆಗೂ ನೆಟ್ಟಗಿದ್ದು ಇಷ್ಟನ್ನೂ ನೋಡುತ್ತಿರುತ್ತದೆ. ಔಷಧವಿಲ್ಲ. ಎರಡು ಮೂರು ವರ್ಷ. ನನಗೆ ಇಪ್ಪತ್ತೊಂಬತ್ತು ವಯಸ್ಸು, ಮದುವೆಯಾಗಿ ಎರಡು ವರ್ಷ. ಆ ಪುಟವನ್ನು ದಿನಕ್ಕೆ ಹತ್ತು ಸಲ ಓದಿದೆ. ಓದಿದಷ್ಟೂ ಅದುರಿತು.

ಬ್ಯಾಂಡೇಜು ಬಟ್ಟೆಯ ಪಟ್ಟಿಯೊಂದನ್ನು ಮೊಳೆಗೆ ತಗುಲಿಹಾಕಿಕೊಂಡು ಪ್ರತಿದಿನ ಬೆಳಿಗ್ಗೆ ಮೀನಖಂಡದ ಸುತ್ತಳತೆ ಮಸಿಯಲ್ಲಿ ಗುರುತುಮಾಡಿ ನೋಡುತ್ತಿದ್ದೆ. ಇಪ್ಪತ್ತು ದಿನದಲ್ಲಿ ಕಾಲು ಅರ್ಧ ಬೆರಳು ಸಣ್ಣಗಾಗಿತ್ತು. ನಾನು ಮಂಚದ ಮೇಲೆ ಕೂತುಬಿಟ್ಟೆ.

ಹೆಂಡತಿ ಪಾರ್ವತಿ ಬಂದು ನೋಡಿದಳು. "ನಿಮ್ಮ ಕಣ್ಣು ಅದುರೋದು ನನಗಂತೂ ಒಂದು ದಿನವೂ ಕಾಣಿಸಿಲ್ಲ. ನಿಮಗೂ ಕನ್ನಡಿಗೂ ಮಾತ್ರ ಕಾಣಿಸುತ್ತೆ. ಕಾಫಿ ಕಡಿಮೆ ಮಾಡಿ ಅಂದರೆ ಕೇಳಲ್ಲ. ದಿನಕ್ಕೆ ಆರು ಲೋಟ ಕುಡಿದರೆ ಕಂಬವೂ ಅದುರುತ್ತೆ."

ಅಕ್ಕಮ್ಮನ ಅಭಿಪ್ರಾಯ ಬೇರೆಯಿತ್ತು. "ಎಡಗಣ್ಣಾ ಸಾಮಿ? ಗಂಡಸ್ರಿಗೆ ಎಡಗಣ್ಣು ಅದುರಿದ್ರೆ ಮಂಚಿದಿ ಕಾದು, ಒಳ್ಳೇದಲ್ಲ. ಹೆಂಗಸ್ರಿಗಾದ್ರೆ ಬಂಗಾರ ಬರ್ತೈತೆ. ನೀವು ಹೆಂಗಸಾಗಿ ಹುಟ್ಟಬೇಕಿತ್ತು."

ನಾನು ಇಬ್ಬರ ಮಾತನ್ನೂ ಕೇಳಲಿಲ್ಲ. ಇವತ್ತು ಯೋಚಿಸಿದರೆ ಪಾರ್ವತಿ ಹೇಳಿದ ರೋಗನಿದಾನವೇ ಪೂರ್ತಿ ಸರಿ. ಆದರೆ ಅವಳ ಹತ್ತಿರ ಸರ್ಟಿಫಿಕೇಟು ಇರಲಿಲ್ಲ.

ನನ್ನ ಕಾಯಿಲೆಗೆ ನಾನೇ ಔಷಧ ಬರೆದುಕೊಂಡೆ. ನರಗಳಿಗೆ ಬಲ ಕೊಡಲು ಆಗ ಎಲ್ಲರೂ ಬರೆಯುತ್ತಿದ್ದ ಟಾನಿಕ್ಕು. ಅದರಲ್ಲಿ ಕಾಸರಕದ ಬೀಜದಿಂದ ತೆಗೆದ ಸ್ಟ್ರಿಕ್ನಿನ್ ಎಂಬ ವಿಷ ಇರುತ್ತಿತ್ತು. ಒಂದು ಹೊತ್ತಿಗೆ ಸಾಸಿವೆಯ ಸಿಪ್ಪೆಯಷ್ಟಾದರೆ ಚೈತನ್ಯ, ಹೆಚ್ಚಾದರೆ ಸಾವು. ಜೊತೆಗೆ ನಿದ್ದೆ ಬರಲೆಂದು ಬ್ರೋಮೈಡು. ಎರಡು ಔಷಧ, ಎರಡು ಸೀಸೆ. ಮನೆಯಲ್ಲಿದ್ದದ್ದು ಒಂದು ನೀಲಿ ಸೀಸೆ. ಖಾದರ್ ಸಾಹೇಬರಿಗೆ ಅದನ್ನೇ ಕೊಟ್ಟು, ಎರಡನ್ನೂ ಒಟ್ಟಿಗೆ ಹಾಕಿ ಎಂದೆ.

ಅವರು ಸೀಸೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. "ಡಾಕ್ಟ್ರ್ ಸಾಬ್, ಇದಕ್ಕೆ ಎರಡು ಬೋತಲ್ ಬೇಕಲ್ಲ. ಮುಂಚೆ ಇಲ್ಲಿ ಒಬ್ಬರು ದೊಡ್ಡೋರಿದ್ರು, ಅವರು ಇವೆರಡನ್ನ ಜತೆಗೆ ಹಾಕಬ್ಯಾಡ ಖಾದರ್ ಅಂತಿದ್ರು."

"ಯಾಕಂತೆ?"

"ಯಾಕೆ ಅಂತ ಅವ್ರು ಹೇಳಲಿಲ್ಲ. ನಾನು ಕೇಳಲಿಲ್ಲ."

"ಯಾಕೆ ಅಂತ ಗೊತ್ತಿಲ್ಲದ ಮೇಲೆ ಸುಮ್ಮನೆ ಹಾಕಿ ಸಾಹೇಬರೇ. ಏನೂ ಆಗಲ್ಲ."

ಇದನ್ನು ಓದುತ್ತಿರುವ ಹೊಸ ಡಾಕ್ಟರುಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಯಾಕೆ ಎಂಬುದು ಖಾದರ್ ಸಾಹೇಬರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ಸ್ಟ್ರಿಕ್ನಿನ್ನಿನ ಜೊತೆ ಬ್ರೋಮೈಡು ಸೇರಿದರೆ ವಿಷ ನೀರಿನಲ್ಲಿ ಕರಗಿ ನಿಲ್ಲುವುದಿಲ್ಲ. ಒಂದೆರಡು ದಿನದಲ್ಲಿ ಹರಳಾಗಿ ತಳಕ್ಕೆ ಇಳಿಯುತ್ತದೆ. ಮೇಲಿನದು ಬರೀ ನೀರು, ತಳದ ಗುಟುಕು ಯಮ. ಅಂದವಾಗಿ ಬರೆದು, ಕೆಳಗೆ ಗೆರೆ ಎಳೆದು, ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಪರೀಕ್ಷೆಯ ಕಾಗದದಲ್ಲಿದ್ದ ಸ್ಟ್ರಿಕ್ನಿನ್ನೂ ನನ್ನ ಮನೆಯ ನೀಲಿ ಸೀಸೆಯಲ್ಲಿದ್ದದ್ದೂ ಒಂದೇ ಎಂದು ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಆಗ ನನ್ನ ಮೀನಖಂಡ ಬಿಟ್ಟು ಬೇರೆಯದಕ್ಕೆ ಜಾಗವಿರಲಿಲ್ಲ.

ಎರಡು ತಿಂಗಳು ಅದನ್ನು ಕುಡಿದೆ. ಬದುಕಿ ಉಳಿದದ್ದು ವಿದ್ಯೆಯಿಂದಲ್ಲ, ನಮ್ಮಮ್ಮನಿಂದ. ಕೊರಟಗೆರೆಯ ನಮ್ಮ ಮನೆಯಲ್ಲಿ ಯಾವ ಪಾತ್ರೆಯನ್ನೂ ಪೂರ್ತಿ ಬರಿದು ಮಾಡುವ ಹಾಗಿರಲಿಲ್ಲ. ಅಕ್ಕಿಯ ಡಬ್ಬವಾಗಲಿ ಎಣ್ಣೆಯ ಗಡಿಗೆಯಾಗಲಿ, ತಳದಲ್ಲಿ ಒಂದಿಷ್ಟು ಇರುವಾಗಲೇ ಅದರ ಮೇಲೆ ಹೊಸದನ್ನು ಸುರಿಯಬೇಕು. ಬರಿದಾದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಕಾಲೇಜಿಗೆ ಹೋದಮೇಲೆ ನಾನು ಇದನ್ನು ಗೇಲಿಮಾಡುತ್ತಿದ್ದೆ. ಬಾಯಿ ಗೇಲಿ ಮಾಡಿತು, ಕೈ ಮಾತ್ರ ಅಮ್ಮನ ಮಾತನ್ನೇ ಕೇಳುತ್ತಿತ್ತು. ನೀಲಿ ಸೀಸೆಯ ತಳದಲ್ಲಿ ಒಂದು ಗುಟುಕು ಬಿಟ್ಟೇ ಮತ್ತೆ ತುಂಬಿಸಲು ಕಳಿಸುತ್ತಿದ್ದೆ. ಡಾಕ್ಟರ ಸೀಸೆ ಎಂದು ಖಾದರ್ ಸಾಹೇಬರು ತೊಳೆಯದೆ ಮೇಲೆ ತುಂಬಿಸುತ್ತಿದ್ದರು. ಒಂದೊಂದು ಸಲ ತುಂಬಿಸಿದಾಗಲೂ ತಳದಲ್ಲಿ ಹರಳು ಸ್ವಲ್ಪ ಸ್ವಲ್ಪ ಬೆಳೆಯುತ್ತ ಹೋಯಿತು. ಸೀಸೆಯ ಗಾಜು ನೀಲಿ. ಹೊರಗಿನಿಂದ ಏನೂ ಕಾಣದು.

ಟಾನಿಕ್ಕಿನಿಂದ ಗುಣ ಕಾಣಲಿಲ್ಲ. ಕಾಣುವುದಾದರೂ ಹೇಗೆ, ನಾನು ಕುಡಿಯುತ್ತಿದ್ದದ್ದು ಬ್ರೋಮೈಡಿನ ನೀರು. ರಜೆ ಹಾಕಿ ರೋಗ ತೋರಿಸಲು ಹೊರಟೆ.

ಮೊದಲು ಮಧುಗಿರಿಯಲ್ಲಿ ಮನೆಯಲ್ಲೇ ರೋಗಿಗಳನ್ನು ನೋಡುತ್ತಿದ್ದ, ನಿವೃತ್ತರಾದ ಹಿರಿಯ ಡಾಕ್ಟರೊಬ್ಬರಲ್ಲಿಗೆ. ಅವರ ಪ್ರಕಾರ ಮನುಷ್ಯನಿಗೆ ಇರುವುದು ಒಂದೇ ರೋಗ, ಅದು ಹೊಟ್ಟೆಯಲ್ಲಿರುತ್ತದೆ. ಇರುವುದು ಒಂದೇ ಔಷಧ, ಅದು ಹರಳೆಣ್ಣೆ. ನಾನು ನರ, ಬೆನ್ನುಹುರಿ, ಸೊರಗುವಿಕೆ ಎಂದೆಲ್ಲ ಅರ್ಧ ಗಂಟೆ ವಿವರಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಬೆಳಿಗ್ಗೆ ಸರಿಯಾಗಿ ಆಗುತ್ತೇನಯ್ಯ?"

"ಸಾರ್, ಇದು ನರಕ್ಕೆ ಸಂಬಂಧಪಟ್ಟದ್ದು."

"ನರ ಎಲ್ಲಿ ಹೋಗಿ ಮುಟ್ಟುತ್ತೆ? ಹೊಟ್ಟೆಗೆ. ಎರಡು ಔನ್ಸು ಕುಡಿ. ನಾಳೆ ಹೊತ್ತಿಗೆ ಅದುರೋಕೆ ನಿನಗೆ ಪುರಸತ್ತೇ ಇರೋಲ್ಲ."

ಅವರ ಮಾತು ನಿಜವಾಯಿತು. ಮರುದಿನ ಮಧುಗಿರಿಯಿಂದ ತುಮಕೂರಿನವರೆಗೆ ಇದ್ದಿಲು ಬಸ್ಸಿನಲ್ಲಿ ನಾನು ಪಟ್ಟ ಪಾಡಿನಲ್ಲಿ ಕಣ್ಣು, ಮೀನಖಂಡ ಯಾವುದೂ ನೆನಪಾಗಲಿಲ್ಲ. ಬಸ್ಸು ಏರು ಹತ್ತಲಾರದೆ ನಿಂತಾಗಲೆಲ್ಲ ಉಳಿದ ಪ್ರಯಾಣಿಕರು ಇಳಿದು ತಳ್ಳುತ್ತಿದ್ದರು, ನಾನು ಇಳಿದು ಪೊದೆ ಹುಡುಕುತ್ತಿದ್ದೆ.

ಬೆಂಗಳೂರಿನಲ್ಲಿ ನರರೋಗಗಳನ್ನು ಬಲ್ಲ ಡಾಕ್ಟರೊಬ್ಬರಿದ್ದರು, ವಿಲಾಯಿತಿಗೆ ಹೋಗಿ ಓದಿ ಬಂದವರು. ಎರಡು ದಿನ ಕಾದಮೇಲೆ ಒಳಗೆ ಕರೆದರು. ಅಂಗಿ ಬಿಚ್ಚಿಸಿ, ರಬ್ಬರು ಸುತ್ತಿಗೆಯಿಂದ ಮಂಡಿ ತಟ್ಟಿದರು, ಅಂಗಾಲು ಗೀರಿದರು, ನಾಲಿಗೆ ಚಾಚಿಸಿ ದೀಪ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಕೈ ಹಿಡಿದುಕೊಂಡು, ಒತ್ತಿ ನೋಡೋಣ ಎಂದರು. ಒತ್ತಿದೆ. "ಬಿಡಿ ಸ್ವಾಮಿ, ನೋಯುತ್ತೆ," ಎಂದರು. ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದರು:

"ಯಾವ ಪುಸ್ತಕ? ಎಷ್ಟನೆಯ ಪುಟ?"

ನಾನು ಪುಸ್ತಕದ ಹೆಸರು ಹೇಳಿದೆ. "ಆರುನೂರ ನಲವತ್ತು ಸಾರ್."

"ಪ್ರತಿ ವರ್ಷ ಇಬ್ಬರು ಮೂವರು ಆ ಪುಟದಿಂದ ಎದ್ದು ಇಲ್ಲಿಗೆ ಬರುತ್ತಾರೆ. ಎಲ್ಲರೂ ಡಾಕ್ಟರುಗಳೇ. ಆ ಕಾಯಿಲೆಯವನು ಅದುರುತ್ತೆ ಅಂತ ಬರುವುದಿಲ್ಲಪ್ಪ. ಗುಂಡಿ ಹಾಕೋಕೆ ಆಗೋಲ್ಲ, ಲೋಟ ಜಾರುತ್ತೆ, ನಡೆಯುತ್ತ ಎಡವುತ್ತೀನಿ ಅಂತ ಬರುತ್ತಾನೆ. ನೀವು ಆರು ಗುಂಡಿ ಎಷ್ಟು ಬೇಗ ಬಿಚ್ಚಿದಿರಿ ನೋಡಿ. ಕಾಲನ್ನೂ ಅಳೆದಿರುತ್ತೀರಿ. ಯಾವುದರಿಂದ?"

ಬ್ಯಾಂಡೇಜು ಪಟ್ಟಿ ಎಂದೆ. ಅವರು ಮೇಜಿನ ಮೇಲಿದ್ದ ಬ್ಯಾಂಡೇಜೊಂದನ್ನು ಎತ್ತಿ ನನ್ನ ಮುಂದೆ ಎರಡು ಸಲ ಎಳೆದು ತೋರಿಸಿದರು. ಅದು ಅರ್ಧ ಬೆರಳು ಉದ್ದವಾಯಿತು. ಸೊರಗಿದ್ದದ್ದು ನನ್ನ ಕಾಲಲ್ಲ, ಬಟ್ಟೆ ಜಗ್ಗಿತ್ತು.

"ಔಷಧ ಏನಾದರೂ ತಗೋತಿದ್ದೀರಾ?"

"ಏನಿಲ್ಲ ಸಾರ್, ಬರೀ ಟಾನಿಕ್ಕು."

"ಅದನ್ನು ಚರಂಡಿಗೆ ಚೆಲ್ಲಿ. ಕಾಫಿ ಎರಡು ಲೋಟ ಸಾಕು. ಆ ಪುಸ್ತಕ ನಿಮ್ಮ ಹೆಂಡತಿ ಕೈಗೆ ಕೊಡಿ, ಒಲೆಯ ಹತ್ತಿರ ಉಪಯೋಗಕ್ಕೆ ಬರುತ್ತೆ."

ಟಾನಿಕ್ಕಿನಲ್ಲಿ ಏನೇನಿದೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆ, ಅವರು ಕುರ್ಚಿಯಿಂದ ಎದ್ದುಬಿಡುತ್ತಿದ್ದರು. ಆ ಒಂದು ಪ್ರಶ್ನೆಯನ್ನು ನಾನು ಮುಂದೆ ಇಪ್ಪತ್ತಾರು ವರ್ಷ ಎದುರಿಗೆ ಬಂದ ಪ್ರತಿಯೊಬ್ಬರಿಗೂ ಕೇಳಿದ್ದೇನೆ: ಏನೇನು ಕುಡಿಯುತ್ತಿದ್ದೀಯ, ಸೀಸೆ ಎಲ್ಲಿ, ತಾ ನೋಡೋಣ.

ಮರುಜನ್ಮ ಪಡೆದವನಂತೆ ಊರಿಗೆ ಬಂದೆ. ಮಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗುವಾಗ ನೀಲಿ ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದೆ. ರೋಗಿಗಳಿಗಾದರೂ ಒಂದು ಸೀಸೆ ಆಗುತ್ತದೆ ಎಂದು. ಜಗಲಿಯ ಕಟ್ಟೆಯ ಹತ್ತಿರ ಬಗ್ಗಿಸಲು ಹೋದವನನ್ನು ಖಾದರ್ ಸಾಹೇಬರು ತಡೆದರು.

"ಅರೆ, ಚೆಲ್ತೀರಾ ಸಾಬ್? ಔಷಧಿಗೆ ಇಷ್ಟು ಬರಗಾಲ. ನನ್ನ ಸೊಂಟ ಹಿಡಿದು ಎಂಟು ದಿನ ಆಯ್ತು. ನಾನೇ ಕುಡೀಲಾ?"

ತಳದಲ್ಲಿ ಎರಡು ಗುಟುಕಿನಷ್ಟಿತ್ತು. ನನಗೆ ಜಗತ್ತಿನಲ್ಲಿ ಎಲ್ಲರೂ ಚೆನ್ನಾಗಿರಲಿ ಎನಿಸುತ್ತಿದ್ದ ದಿನ. "ಕುಡೀರಿ ಸಾಹೇಬರೇ," ಎಂದೆ. "ಏನೂ ಆಗಲ್ಲ."

ಖಾದರ್ ಸಾಹೇಬರು ನಮ್ಮಮ್ಮನಿಗೆ ತದ್ವಿರುದ್ಧ. ದೇವರು ಕೊಟ್ಟದ್ದನ್ನು ತಳದಲ್ಲಿ ಬಿಡುವುದು ಪಾಪ ಎನ್ನುವವರು. ಊಟವಾದಮೇಲೆ ಅವರ ತಟ್ಟೆಯನ್ನು ತೊಳೆಯುವುದೇ ಬೇಡ, ಹಾಗಿರುತ್ತಿತ್ತು. ಸೀಸೆ ಎತ್ತಿ ಕುಡಿದರು. ಆಮೇಲೆ ಅದಕ್ಕೆ ಒಂದಿಷ್ಟು ನೀರು ಬಿಟ್ಟು, ಬಾಯಿಗೆ ಹೆಬ್ಬೆರಳು ಒತ್ತಿ, ಚೆನ್ನಾಗಿ ಕುಲುಕಿ, ಅದನ್ನೂ ಕುಡಿದರು. ನಾನು ನೋಡುತ್ತ ನಿಂತಿದ್ದೆ. ಅವರ ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂದದ್ದನ್ನು ಇವತ್ತಿಗೂ ನೋಡುತ್ತಿದ್ದೇನೆ.

ಅಂದು ಸೋಮವಾರ. ಅಂಗಳದಲ್ಲಿ ಐವತ್ತು ಅರವತ್ತು ಜನ. ಇಪ್ಪತ್ತು ನಿಮಿಷವಾಗಿರಬೇಕು, ಔಷಧದ ಕಿಟಕಿಯಿಂದ ಖಾದರ್ ಸಾಹೇಬರು ಕೂಗಿದರು. "ಡಾಕ್ಟ್ರ್ ಸಾಬ್, ದವಡೆ ಹಿಡ್ಕೊಂತಾ ಇದೆ." ಹೋಗಿ ನೋಡಿದೆ. ಕಾಲುಗಳು ಗಟ್ಟಿಯಾಗಿ ಕಂಬದಂತೆ ನಿಂತಿದ್ದರು. ತೋಳಿನಲ್ಲಿ, ಕೆನ್ನೆಯಲ್ಲಿ, ಕುತ್ತಿಗೆಯಲ್ಲಿ ಮಾಂಸ ಪಟಪಟ ಅದುರುತ್ತಿತ್ತು. ನಾನು ಇಷ್ಟು ತಿಂಗಳು ಕನ್ನಡಿಯಲ್ಲಿ ಹುಡುಕಿದ್ದು ಅವರ ಮೈಮೇಲೆ ಎಲ್ಲರಿಗೂ ಕಾಣುವ ಹಾಗೆ ನಡೆಯುತ್ತಿತ್ತು.

ಬಿಗಿದ ಹಲ್ಲುಗಳ ನಡುವೆಯೇ ಅವರು ಅಂದರು: "ನಿಮ್ಮ ಕಾಯಿಲೆ ನಂಗೆ ಅಂಟ್ಕೊಂತು ಸಾಬ್."

ಆಗ ಯಾರೋ ಹೊರಗೆ ಮಗುವಿನ ಬೆನ್ನಿಗೆ ಒಂದು ಹಾಕಿದರು, ಮಗು ಕಿರುಚಿತು. ಆ ಸದ್ದಿಗೆ ಖಾದರ್ ಸಾಹೇಬರು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಬಿದ್ದರು. ತಲೆ, ಹಿಮ್ಮಡಿ ಎರಡೇ ನೆಲದ ಮೇಲೆ. ಉಸಿರು ನಿಂತಿತು. ಮುಖ ಕಪ್ಪಗಾಯಿತು. ಬಾಯಿ ಮಾತ್ರ ನಗುವ ಹಾಗೆ ಅಗಲವಾಗಿ ಬಿಗಿದುಕೊಂಡಿತ್ತು. ಕಣ್ಣು ನನ್ನನ್ನೇ ನೋಡುತ್ತಿತ್ತು, ಪೂರ್ತಿ ಎಚ್ಚರದಲ್ಲಿ.

ಪರೀಕ್ಷೆಯ ಕಾಗದ ಆಗ ನೆನಪಾಯಿತು. ಕೆಳಗೆ ಎಳೆದ ಗೆರೆಯ ಸಮೇತ.

ಬಿಗಿತ ಬಿಟ್ಟ ಕೂಡಲೇ ನಾನೂ ಅಕ್ಕಮ್ಮನೂ ಸೇರಿ ಒಳಗಿನ ಮೇಜಿನ ಮೇಲೆ ಮಲಗಿಸಿದೆವು. ಕಿಟಕಿ ಮುಚ್ಚಿ ಕತ್ತಲು ಮಾಡಿದೆ. ಈ ವಿಷಕ್ಕೆ ಸಿಕ್ಕವನಿಗೆ ಬೆಳಕು, ಮುಟ್ಟುವುದು, ಸದ್ದು ಮೂರೂ ಶತ್ರು. ಒಂದು ಸದ್ದಿಗೆ ಒಂದು ಬಿಗಿತ, ಒಂದೊಂದು ಬಿಗಿತಕ್ಕೂ ಉಸಿರು ಕಟ್ಟುತ್ತದೆ. ಎರಡು ಮೂರು ಗಂಟೆ ಉಳಿಸಿಕೊಂಡರೆ ಬದುಕುತ್ತಾನೆ. ಬಿಗಿತ ತಡೆಯಲು ಕ್ಲೋರೋಫಾರ್ಮು ಕೊಡಬೇಕು. ಕೊಡುವವರು ಯಾರು? ಕೊಡುವವರೇ ಮೇಜಿನ ಮೇಲಿದ್ದರು.

ನಾನೇ ಬಟ್ಟೆ ಹಾಕಿ ತೊಟ್ಟಿಕ್ಕಿಸತೊಡಗಿದೆ. ಒಂದೇ ಸಲ ನಾಲ್ಕೈದು ತೊಟ್ಟು ಬಿದ್ದವು. ಬಟ್ಟೆಯ ಕೆಳಗಿನಿಂದ ಪಿಸುಮಾತು ಬಂತು: "ಹೆಚ್ಚಾಯ್ತು ಸಾಬ್... ಬೆರಳಿಂದ ತಡೀರಿ... ಒಂದೊಂದೇ ತೊಟ್ಟು." ಇಪ್ಪತ್ತೈದು ವರ್ಷದ ಕೆಲಸಗಾರ ತನ್ನ ಮೇಲೆಯೇ ನಡೆಯುತ್ತಿದ್ದ ಕೆಲಸ ಕೆಡುವುದನ್ನು ಸಹಿಸಲಾರದೆ ತಿದ್ದುತ್ತಿದ್ದರು. ಅವರು ಹೇಳಿದ ಹಾಗೆ ತಡೆದೆ. ಮೈ ಸಡಿಲವಾದಾಗ ಹೊಟ್ಟೆ ತೊಳೆದು, ಉಳಿದ ವಿಷ ಹೀರಿಕೊಳ್ಳಲೆಂದು ಅರೆದ ಇದ್ದಿಲನ್ನು ನೀರಿನಲ್ಲಿ ಕಲಸಿ ರಬ್ಬರು ನಳಿಗೆಯಿಂದ ಒಳಗೆ ಬಿಟ್ಟೆ.

ಹೊರಗೆ ಅಕ್ಕಮ್ಮ ಅಂಗಳದ ನಡುವೆ ನಿಂತು, ಜೀವಮಾನದಲ್ಲೇ ಮೊದಲ ಸಲ ಪಿಸುಗುಟ್ಟಿದ್ದಳು: "ಯಾರೂ ಉಸಿರು ಬುಡಬ್ಯಾಡಿ. ಕೆಮ್ಮು ಬಂದ್ರೆ ನುಂಗ್ಕಳಿ. ಕೂಸು ಅತ್ರೆ ಬಾಯಿಗೆ ಮೊಲೆ ಇಡ್ರಿ, ಇಲ್ದಿದ್ರೆ ಎತ್ಕಂಡು ಕೆರೆತಾವ ಹೋಗ್ರಿ." ಅರವತ್ತು ಜನ ರೋಗಿಷ್ಠರು ಬೇವಿನ ಮರದ ಕೆಳಗೆ ಕಲ್ಲಾಗಿ ಕೂತರು. ಅವರಲ್ಲಿ ಎಂಟು ಹಲ್ಲಿನ ಕರಿಯಣ್ಣನೂ ಇದ್ದ. ಅವನು ಬಾಗಿಲಿಗೆ ತುಟಿ ಇಟ್ಟು ಕೇಳಿದ್ದು ನನಗೆ ಕೇಳಿಸಿತು: "ಸಾಬ್ರೂ ಎಲ್ಲಾ ಒಂದೇ ಪೆಟ್ಗೆ ಕುಡಿದ್ಬುಟ್ರಾ?"

ಗೋಡೆಯ ಗಡಿಯಾರ ನೋಡಿದೆ. ಹನ್ನೊಂದಕ್ಕೆ ಹತ್ತು ನಿಮಿಷ.

ಹನ್ನೊಂದಕ್ಕೆ ಪಾವಗಡದ ಬಸ್ಸು. ಅದು ಊರು ಹೊಗುವಾಗ ಹುಣಿಸೆ ಮರದಿಂದ ಆಸ್ಪತ್ರೆಯವರೆಗೂ ಹಾರನ್ ಒತ್ತಿಕೊಂಡೇ ಬರುತ್ತಿತ್ತು, ನಮ್ಮ ಬಾಗಿಲಿಗೆ ಸರಿಯಾಗಿ ನಿಂತು ಎಂಜಿನ್ನು ಎರಡು ಸಲ ಸಿಡಿಯುತ್ತಿತ್ತು. ಖಾದರ್ ಸಾಹೇಬರ ನಾಡಿ ನನ್ನ ಬೆರಳ ಕೆಳಗೆ ದಾರದಂತಿತ್ತು. ಇನ್ನೊಂದು ದೊಡ್ಡ ಬಿಗಿತವನ್ನು ಆ ಎದೆ ತಡೆಯುವುದಿಲ್ಲ. ಇನ್ನೂ ಹೆಚ್ಚು ಕ್ಲೋರೋಫಾರ್ಮು ಕೊಟ್ಟರೆ ಅದೇ ಕೊಲ್ಲುತ್ತದೆ. ಬಟ್ಟೆ ಬಿಟ್ಟು ಓಡುವ ಹಾಗೂ ಇಲ್ಲ.

ಅಷ್ಟರಲ್ಲಿ ಅಕ್ಕಮ್ಮ ಬಾಗಿಲು ಸರಿಸಿ ಒಳಗೆ ಬಂದಳು. "ಅಕ್ಕಮ್ಮ," ಎಂದೆ, ಉಸಿರಿನಲ್ಲಿ. "ಬಸ್ಸು."

ಅವಳು ಮಂಚದ ಮೇಲಿನ ಕೆಂಪು ಕಂಬಳಿ ಎಳೆದುಕೊಂಡು ಹೋದಳು. ಮುಂದಿನ ಹತ್ತು ನಿಮಿಷ ನಾನು ಗಡಿಯಾರದ ಮುಳ್ಳನ್ನೂ ಮುಚ್ಚಿದ ಕಿಟಕಿಯನ್ನೂ ನೋಡುತ್ತ ತೊಟ್ಟು ಎಣಿಸಿದೆ. ಹನ್ನೊಂದಾಯಿತು. ಹನ್ನೊಂದೂ ಐದಾಯಿತು. ಬಸ್ಸು ಬರಲಿಲ್ಲ. ಬದಲಿಗೆ ಹೊರಗೆ ಏನೋ ಸರಿದುಹೋಗುತ್ತಿರುವ ಹಾಗೆ ಬಹಳ ಮೆಲ್ಲನೆಯ ಸಪ್ಪಳ. ನಿಂತಲ್ಲಿಂದಲೇ ಬಾಗಿಲ ಸಂದಿಯಲ್ಲಿ ನೋಡಿದೆ. ಬಸ್ಸಿನ ಪ್ರಯಾಣಿಕರು ಗಂಟುಗಳನ್ನು ತಲೆಯ ಮೇಲೆ ಹೊತ್ತು, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಸಾಲಾಗಿ ಆಸ್ಪತ್ರೆಯ ಮುಂದೆ ಹೆಜ್ಜೆ ಎಣಿಸಿಕೊಂಡು ಹೋಗುತ್ತಿದ್ದರು.

ನಡೆದದ್ದು ಆಮೇಲೆ ತಿಳಿಯಿತು. ಹುಣಿಸೆ ಮರದ ಹತ್ತಿರ ರಸ್ತೆಗೆ ಅಡ್ಡಲಾಗಿ ಅಕ್ಕಮ್ಮ ಕಂಬಳಿ ಹರಡಿಕೊಂಡು ನಿಂತಿದ್ದಳು. ಡ್ರೈವರ್ ರಂಗಪ್ಪ ಬ್ರೇಕು ಹಾಕಿ ತಲೆ ಹೊರಗೆ ಹಾಕಿದ.

"ಏನಮ್ಮೋ, ಪಿಚ್ಚಿ ಗಿಚ್ಚಿ ಹಿಡೀತಾ ನಿಂಗೆ? ಸರಿಯಮ್ಮಿ ಪಕ್ಕಕ್ಕೆ!"

"ಹಾರನ್ ಮುಟ್ಟಿದ್ಯೋ, ಆ ಕೈ ಮುರ್ದು ಒಲೆಗಿಕ್ತೀನಿ. ಎಂಜಿನ್ ಆರ್ಸು. ಸದ್ದಾದ್ರೆ ಖಾದರ್ ಸಾಬ್ ಚಚ್ಚಿಪೋತಾಡು, ಸತ್ತೋಯ್ತಾನೆ ಕಣೋ!"

"ಇದ್ದಿಲು ಬಸ್ಸಮ್ಮ ಇದು. ಆರ್ಸಿದ್ರೆ ಮತ್ತೆ ಹತ್ತಿಸೋಕೆ ಒಂದು ಗಂಟೆ ಬೇಕು. ನಂಗೆ ಮೆಮೋ ಬರ್ತದೆ."

"ಬರ್ಲಿ. ನಿನ್ನ ಹೆಂಡ್ತಿ ಹೆರೋವಾಗ ಯಾರ್ಲಾ ಕೂತಿದ್ದು ಬಾಗಿಲಾಗೆ, ಆ ಸಾಬ್ರಾ, ನಿನ್ನ ಮೆಮೋನಾ?"

ರಂಗಪ್ಪ ಎಂಜಿನ್ನು ಆರಿಸಿದ. ಇಳಿದು ಬಂದು ತಾನೇ ಪ್ರಯಾಣಿಕರಿಗೆ ಚಪ್ಪಲಿ ಬಿಚ್ಚಲು ಹೇಳಿದ.

ಮಧ್ಯಾಹ್ನ ಒಂದರ ಹೊತ್ತಿಗೆ ಬಿಗಿತಗಳು ದೂರ ದೂರವಾದವು. ಮೂರು ಗಂಟೆಗೆ ಖಾದರ್ ಸಾಹೇಬರು ನೀರು ಕೇಳಿದರು. ಲೋಟ ಹಿಡಿದುಕೊಂಡು ನಾನು ಅತ್ತದ್ದನ್ನು ಇಲ್ಲಿ ಬರೆಯದಿದ್ದರೆ ಪಾರ್ವತಿ ಓದುವಾಗ ಹಿಡಿಯುತ್ತಾಳೆ, ಅದಕ್ಕೆ ಬರೆದಿದ್ದೇನೆ. ನೀಲಿ ಸೀಸೆಯನ್ನು ಬೆಳಕಿಗೆ ಹಿಡಿದು ಬಾಯಿಯಿಂದ ಒಳಗೆ ನೋಡಿದೆ. ತಳದ ಮೂಲೆಯಲ್ಲಿ ಕಲ್ಲುಸಕ್ಕರೆಯ ಪುಡಿಯಂತೆ ನಾಲ್ಕು ಹರಳು ಇನ್ನೂ ಅಂಟಿಕೊಂಡಿದ್ದವು.

ಅವರಿಗೆ ಎಲ್ಲವನ್ನೂ ಹೇಳಿದೆ. ಅದು ಕಾಯಿಲೆಯಲ್ಲ, ಅಂಟಿದ್ದೂ ಅಲ್ಲ, ಎರಡನ್ನೂ ಒಟ್ಟಿಗೆ ಹಾಕಬಾರದಿತ್ತು, ಗೊತ್ತಿದ್ದೂ ಹಾಕಿಸಿದೆ ಎಂದೆ. ಅವರು ಅಂದದ್ದು ಇಷ್ಟೇ:

"ಅದಕ್ಕೇ ಹೇಳ್ತಿದ್ರು ದೊಡ್ಡೋರು. ಈಗ ಯಾಕೆ ಅಂತ ಗೊತ್ತಾಯ್ತು."

ರೋಗಿಗಳ ದಾಖಲೆಯಲ್ಲಿ ಕಾರಣ ಎಂಬ ಕಡೆ 'ವೈದ್ಯನ ಅಜಾಗರೂಕತೆ' ಎಂದು ಬರೆದು ಸಹಿ ಹಾಕಿದೆ. ತನಿಖೆಗೆ ಬಂದ ಮೇಲಿನವರೊಬ್ಬರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಅಷ್ಟನ್ನು ಹೊಡೆದುಹಾಕಿ 'ಅಜೀರ್ಣ' ಎಂದು ಬರೆದರು. ಸರ್ಕಾರದ ಲೆಕ್ಕದಲ್ಲಿ ಇವತ್ತಿಗೂ ಅದು ಅಜೀರ್ಣವೇ. ಕರಿಯಣ್ಣ ಮಾತ್ರ ತನಿಖೆ ಒಪ್ಪಲಿಲ್ಲ. "ಸಾಬ್ರು ಬರೀ ತಳದ್ದು ಕುಡುದ್ರು, ಅದ್ಕೇ ಅಂಗಾಯ್ತು. ನಾನು ಮೇಲಿಂದ ಎಲ್ಲಾ ಕುಡುದಿದ್ದೆ, ಏನಾಯ್ತು?" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ.

ಆ ಹತ್ತು ನಿಮಿಷ ನನ್ನನ್ನು ಬಿಟ್ಟಿಲ್ಲ. ಬಸ್ಸು ಅಂದು ಬೇಗ ಬಂದಿದ್ದರೆ? ಕಂಬಳಿ ಕೆಂಪಗಿರದಿದ್ದರೆ? ಈಗ ಬೆಂಗಳೂರಿನಲ್ಲಿ ಮಗಳ ಮನೆಯ ಮುಂದೆ ದಿನಕ್ಕೆ ನೂರು ಬಸ್ಸು ಹೋಗುತ್ತವೆ. ಒಂದೊಂದು ಹಾರನ್ನಿಗೂ ನನ್ನ ಎಡಗೈ ತಾನಾಗಿಯೇ ನಾಡಿ ಹುಡುಕುತ್ತದೆ. ಮನೆಯಲ್ಲಿ ಮಜ್ಜಿಗೆ, ಮಸಿ, ಹಾಲು ಏನೇ ಇರಲಿ, ಕುಲುಕದೆ ನಾನು ಬಗ್ಗಿಸುವುದಿಲ್ಲ. ಕಣ್ಣು ಈಗಲೂ ಆಗಾಗ ಅದುರುತ್ತದೆ. ಅದುರಲಿ.

ಕೆಲವು ವರ್ಷಗಳ ಮೇಲೆ, ಸ್ವಾತಂತ್ರ್ಯ ಬಂದ ವರ್ಷವೇ ಇರಬೇಕು, ಕೆಲಸದ ಮೇಲೆ ಶಿರಾಕ್ಕೆ ಹೋದಾಗ ಖಾದರ್ ಸಾಹೇಬರ ಮನೆ ಹುಡುಕಿಕೊಂಡು ಹೋದೆ. ನಿವೃತ್ತರಾಗಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗಿನಿಂದ ಎರಡು ಲೋಟ ಶರಬತ್ತು ಬಂತು.

"ಮೊದಲು ನೀವು, ಸಾಬ್," ಎಂದರು. ಆ ಸೋಮವಾರದಿಂದ ನಾನು ಕಾಫಿ ಕೊಟ್ಟಾಗಲೆಲ್ಲ ಅವರು ಹೇಳುತ್ತಿದ್ದದ್ದು ಇದನ್ನೇ. ಇಬ್ಬರೂ ನಕ್ಕೆವು. ಅಕ್ಕಮ್ಮನ ವಿಷಯ, ರಂಗಪ್ಪನ ಮೆಮೋ ವಿಷಯ ಮಾತಾಡುತ್ತ ಕುಡಿದೆವು. ಏಳುವ ಹೊತ್ತಿಗೆ ಲೋಟಗಳ ಕಡೆ ಕಣ್ಣು ಹೋಯಿತು. ತಳ ಬರಿದು ಮಾಡದ ಅಮ್ಮನ ಮಗನಾದ ನನ್ನದರಲ್ಲಿ ಒಂದು ತೊಟ್ಟೂ ಇರಲಿಲ್ಲ. ದೇವರು ಕೊಟ್ಟದ್ದನ್ನು ಬಿಡಬಾರದು ಎನ್ನುತ್ತಿದ್ದ ಖಾದರ್ ಸಾಹೇಬರು ತಳದಲ್ಲಿ ಒಂದು ಗುಟುಕು ಬಿಟ್ಟಿದ್ದರು.